ಕಣ್ಣು ಬಿಡಿಸಿದ ಕೆಲಸಗಳು

ಕಮಲಾಪುರದ ಒಂದು ಮನೆಯ ಪಡಸಾಲೆಯಲ್ಲಿ ನಡೆದ ಮಾತಿದು. ಕಾಕಾ ಊರ ಹೊರಗೆ ಕೆಂಪು ಬಾಳೆಯ ತೋಟ ಮಾಡುವವರು, ಅರವತ್ತರ ಹತ್ತಿರ ಬಂದವರು. ಮಗಳು ಎಂದರೆ ಅವರ ಅಣ್ಣನ ಮಗಳು; ಕಲಬುರಗಿಯಲ್ಲಿ ಕಣ್ಣಿನ ತಪಾಸಣೆ ಮಾಡುವ ಕೆಲಸದಲ್ಲಿದ್ದಾಳೆ.

ಕಾಕಾ: ಒಂದು ಮಾತು ನಂಗ ತಿಳಿಯಂಗಿಲ್ಲ ನೋಡವ್ವಾ. ಹಲ್ಲು ನೋಯ್ತು ಅಂದ್ರ ಹಲ್ಲಿನ ಡಾಕ್ಟರ್ ಹತ್ರ ಹೋಗ್ತೀವಿ. ಕಣ್ಣು ಕಾಣ್ಲಿಲ್ಲ ಅಂದ್ರ ಕಣ್ಣಿನ ಡಾಕ್ಟರ್ ಹತ್ರ ಹೋಗ್ತೀವಿ. ಅದನ್ನ ಮಂದಿಗಿ ಮತ್ತ ಹೇಳಿಕೊಡಬೇಕೇನು?

ಮಗಳು: ಹಲ್ಲು ನೋಯ್ತದ ಕಾಕಾ, ಅದಕ್ಕೇ ಗೊತ್ತಾಗ್ತದ. ನಂಬರ್ ಬಂದ ಕಣ್ಣು ನೋಯಂಗಿಲ್ಲ. ವರ್ಷಗಟ್ಟಲೆ ಜರಾ ಜರಾ ಮಬ್ಬಾಗ್ತಾ ಹೋಗ್ತದ. ನಿನ್ನೆ ಕಂಡದ್ದಕ್ಕೂ ಇವತ್ತು ಕಾಣೋದಕ್ಕೂ ಫರಕ್ ಇರಂಗಿಲ್ಲ. ಹತ್ತು ವರ್ಷದ ಹಿಂದ ಹ್ಯಾಂಗ ಕಾಣ್ತಿತ್ತು ಅಂತ ಯಾರಿಗಿ ನೆನಪಿರ್ತದ? ಕಣ್ಣು ಮಬ್ಬಾದವರು ಕಣ್ಣು ಮಬ್ಬಾಯ್ತು ಅನ್ನಂಗಿಲ್ಲ. ಬಲ್ಬು ಸಣ್ಣದಾಯ್ತು ಅಂತಾರ, ಪೇಪರಿನ ಅಚ್ಚು ಕೆಟ್ಟದ ಅಂತಾರ.

ಕಾಕಾ: ಈಗಿನ ಪೇಪರಿನ ಅಚ್ಚು ಖರೇನೇ ಸಣ್ಣ ಆಗ್ಯಾದಲ್ಲ!

ಮಗಳು: ನಿಮ್ಮ ಮಗನಿಗಿ ಕೇಳಿ ನೋಡ್ರಿ, ಅವಂಗ ಸಣ್ಣ ಆಗಿಲ್ಲ. ಈಗ ನಿಮ್ಮ ಕೈಯಾಗ ಗೊಬ್ಬರದಂಗಡಿ ಚೀಟಿ ಅದ. ಅದನ್ನ ನೀವು ಎಲ್ಲಿ ಹಿಡ್ಕೊಂಡೀರಿ? ಕೈ ಪೂರಾ ಚಾಚೀರಿ, ಕುತ್ತಿಗಿ ಹಿಂದಕ್ಕ ಎಳ್ಕೊಂಡೀರಿ, ಮ್ಯಾಲ ಬಾಗಲ ಕಡಿ ತಿರುಗೀರಿ, ಬೆಳಕು ಬೀಳ್ಲಿ ಅಂತ. ನಿಮಗ ಗೊತ್ತಿಲ್ಲದಂಗ ನಿಮ್ಮ ಮೈ ಇಷ್ಟೆಲ್ಲಾ ಮಾಡ್ಯಾದ. ಕಣ್ಣಿನ ಸುದ್ದಿ ಕಣ್ಣಿಗಿಂತ ಮೊದಲು ಕೈಗಿ, ಕುತ್ತಿಗಿಗಿ ಗೊತ್ತಾಗಿರ್ತದ.

ಕಾಕಾ: ವಯಸ್ಸಾಯ್ತಲ್ಲವ್ವಾ. ನಲವತ್ತೈದಕ್ಕ ಎಲ್ಲಾರಿಗೂ ಇದೇ ಹಣೇಬರ.

ಮಗಳು: ಎಲ್ಲಾರಿಗೂ ಬರೋದು ಖರೇ. ಕಣ್ಣಾಗ ಕರೀ ಗುಡ್ಡಿ ಹಿಂದ ಒಂದು ಸಣ್ಣ ಮಸೂರ ಅದ. ಹತ್ರದ್ದು ನೋಡೋವಾಗ ಅದು ಉಬ್ಬಬೇಕು, ದೂರದ್ದು ನೋಡೋವಾಗ ಚಪ್ಪಟಿ ಆಗಬೇಕು. ಸಣ್ಣ ವಯಸ್ಸಿನಾಗ ಅದು ಬಿಸಿ ರೊಟ್ಟಿ ಇದ್ದಂಗ, ಹ್ಯಾಂಗ ಮಡಚಿದ್ರೂ ಮಡಚ್ತದ. ನಲವತ್ತು ದಾಟಿದ ಮ್ಯಾಲ ಕಟಕ ರೊಟ್ಟಿ ಆಗ್ಲಕ ಹತ್ತದ, ಬಾಗಂಗಿಲ್ಲ. ಹತ್ತು ವರ್ಷದ ಹುಡುಗ 7–8 ಸೆಂಟಿಮೀಟರ್ ದೂರದಾಗ ಪುಸ್ತಕ ಹಿಡಿದ್ರೂ ಅಕ್ಷರ ಸಾಫ್ ಕಾಣ್ತಾವ. ಐವತ್ತಕ್ಕ ಬರೋದ್ರಾಗ ಅದು 40 ಸೆಂಟಿಮೀಟರ್ ದಾಟ್ತದ, ಎರಡು ಗೇಣು ಅನ್ರಿ. ಆಮ್ಯಾಲ ಕೈನೇ ಸಾಲಂಗಿಲ್ಲ. ಎಲ್ಲಾರಿಗೂ ಬರ್ತದ ಅಂತ ಹೇಳಿ ಎಲ್ಲಾರೂ ಸುಮ್ಮನ ಕುಂದ್ರಬೇಕಾಗಿಲ್ಲ ಕಾಕಾ. ಒಂದು ಸಾದಾ ಚಸ್ಮಾದಿಂದ ಸರಿ ಹೋಗೋ ತೊಂದರಿ ಇದು. ವಿಶ್ವ ಆರೋಗ್ಯ ಸಂಸ್ಥೆ 2019ರಾಗ ದೃಷ್ಟಿಯ ಮ್ಯಾಲ ಒಂದು ದೊಡ್ಡ ವರದಿ ತೆಗೀತು. ಓದೋ ಚಸ್ಮಾ ಒಂದು ಸಿಗದೇ ಹತ್ರದ್ದು ಕಾಣದವರು ಜಗತ್ತಿನಾಗ 82 ಕೋಟಿಗಿಂತ ಹೆಚ್ಚು ಮಂದಿ ಅದಾರಂತ. ಅದನ್ನ ಓದಿದಾಗ ನಂಗ ನಮ್ಮ ಓಣಿಯೇ ಕಣ್ಣ ಮುಂದ ಬಂತು.

ಕಾಕಾ: ಹತ್ರದ್ದು ಇರ್ಲಿ. ದೂರದ್ದು ನಂಗ ಸಾಫ್ ಕಾಣ್ತದ. ಅಲ್ಲಿ ರಸ್ತಾದ ಮ್ಯಾಲ ಬಸ್ಸು ಬಂತಂದ್ರ ಅದು ಬೀದರದ್ದೋ ಹುಮನಾಬಾದದ್ದೋ ಇಲ್ಲೇ ಕುಂತು ಹೇಳ್ತೀನಿ.

ಮಗಳು: ಬೋರ್ಡ್ ಓದಿ ಹೇಳ್ತೀರೋ, ಹೊತ್ತು ನೋಡಿ ಹೇಳ್ತೀರೋ?

ಕಾಕಾ: ...ಯಾವ ಹೊತ್ತಿಗಿ ಯಾವ ಬಸ್ಸು ಅಂತ ಗೊತ್ತಿರ್ತದಲ್ಲ.

ಮಗಳು: ಅಲ್ಲೇ ಅದ ನೋಡ್ರಿ ವಿಷಯ. ತಿಳಿದವರಿಗಿ ಕಣ್ಣಿನ ಕೊರತಿ ಭಾಳ ತಡ ಆಗಿ ಗೊತ್ತಾಗ್ತದ. ನಡಿಗಿ ನೋಡಿ ಮನುಷ್ಯನ್ನ ಗುರ್ತು ಹಿಡೀತೀರಿ, ದನಿ ಕೇಳಿ ಹೆಸರು ಹೇಳ್ತೀರಿ, ಹೊತ್ತು ನೋಡಿ ಬಸ್ಸು ಹೇಳ್ತೀರಿ. ಅದೆಲ್ಲಾ ನಿಮ್ಮ ಬುದ್ಧಿ ಮಾಡೋ ಕೆಲಸ, ಕಣ್ಣು ಮಾಡೋದಲ್ಲ. ಕಲಬುರಗಿ ಬಸ್ ಸ್ಟ್ಯಾಂಡಿನಾಗ ಹಿಂಗ ಆಗಂಗಿಲ್ಲ. ಅಲ್ಲಿ ನಲವತ್ತು ಊರಿನ ಬಸ್ಸು ನಿಂತಿರ್ತಾವ. ಹೋದ ಸಲ ಬಂದಾಗ ನೀವು ಪ್ರತಿಯೊಂದು ಬಸ್ಸಿನ ಕಂಡಕ್ಟರಿಗಿ ಕೇಳ್ತಾ ಹೋದ್ರಿ, ನಾ ನೋಡಿನಿ. ಓದು ಬಲ್ಲವರು ನೀವು, ಬೋರ್ಡ್ ಕನ್ನಡದಾಗೇ ಇತ್ತು. ಈಗ ಒಂದು ಮಾಡ್ರಿ. ಎಡಗೈಲೆ ಎಡಗಣ್ಣು ಮುಚ್ರಿ, ಗುಡ್ಡಿ ಒತ್ತಬ್ಯಾಡ್ರಿ. ಎದುರು ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಓದ್ರಿ.

ಕಾಕಾ: ತಾರೀಖು ಕಾಣ್ತಾವ. ತೆಳಗ ಅಮಾಸಿ ಅಂತ ಬರ್ದದ, ಅದೂ ಕಾಣ್ತದ.

ಮಗಳು: ಈಗ ಬಲಗಣ್ಣು ಮುಚ್ರಿ.

ಕಾಕಾ: ...ಹ್ಞಾಂ. ತಾರೀಖು ಅದಾವ. ಏಳು ಅದನೋ ಒಂದು ಅದನೋ ತಿಳಿಯಂಗಿಲ್ಲ. ಇದು ಯಾವಾಗ ಹಿಂಗಾಯ್ತವ್ವಾ?

ಮಗಳು: ಯಾವಾಗ ಆಯ್ತು ಅಂತ ಯಾರೂ ಹೇಳ್ಲಕ ಬರಂಗಿಲ್ಲ. ಎರಡೂ ಕಣ್ಣು ತೆರದು ನೋಡೋವಾಗ ಛಲೋ ಕಣ್ಣೇ ಎಲ್ಲಾ ಕೆಲಸ ಹೊರ್ತದ, ಇನ್ನೊಂದು ಸುಮ್ಮನ ಜೋಡಿ ಇರ್ತದ. ಅದಕ್ಕೇ ನಾವು ದವಾಖಾನ್ಯಾಗ ಒಂದೊಂದೇ ಕಣ್ಣು ಮುಚ್ಚಿ ನೋಡೋದು. ಇದನ್ನ ಯಾರು ಬೇಕಾದವರು ಮನ್ಯಾಗ ತಿಂಗಳಿಗೊಮ್ಮೆ ಮಾಡಬಹುದು. ಇನ್ನೊಂದು ಅದ. ಆ ಹಳೇ ಲಗ್ನಪತ್ರಿಕಿ ಕೊಡ್ರಿ, ದಪ್ಪ ಸೂಜಿಲೆ ನಡುವ ಒಂದು ತೂತು ಮಾಡ್ತೀನಿ. ಬಲಗಣ್ಣು ಮುಚ್ಚೇ ಇರ್ಲಿ. ಎಡಗಣ್ಣಿನ ಮುಂದ ಈ ತೂತು ಹಿಡ್ಕೊಂಡು ನೋಡ್ರಿ.

ಕಾಕಾ: ಅರೇ! ಏಳು ಅದ. ಪಕ್ಕದಾಗ ಎಂಟು. ಕತ್ತಲಿ ಆದಂಗ ಅದ, ಆದ್ರ ಅಕ್ಷರ ಗಟ್ಟಿ ಆದವು.

ಮಗಳು: ತೂತಿನಾಗಿಂದ ಬೆಳಕಿನ ಒಂದೇ ಸಣ್ಣ ಎಳಿ ಒಳಗ ಹೋಗ್ತದ, ನೆಟ್ಟಗ ಹೋಗ್ತದ. ಹಂಗಾಗಿ ಮಸೂರ ಬಗ್ಗಿಸೋ ತಪ್ಪು ಅಲ್ಲಿ ಲೆಕ್ಕಕ್ಕ ಬರಂಗಿಲ್ಲ. ತೂತಿನಾಗ ನೋಡಿದ್ರ ಸಾಫ್ ಆಯ್ತು ಅಂದ್ರ ಚಸ್ಮಾದಿಂದ ಉಪಯೋಗ ಆಗೋ ಸಂಭವ ಹೆಚ್ಚು. ತೂತಿನಾಗ ನೋಡಿದ್ರೂ ಮಬ್ಬೇ ಇತ್ತಂದ್ರ ತೊಂದರಿ ಬ್ಯಾರೆ ಕಡಿ ಇರಬಹುದು, ಪೊರಿಯಾಗೋ ಹಿಂದಿನ ಪರದಾದಾಗೋ. ಇದು ನಂಬರ್ ತೆಗೆಯೋ ವಿದ್ಯಾ ಅಲ್ಲ ಮತ್ತ. ದವಾಖಾನಿಗಿ ಹೋಗಬೇಕು ಅನ್ನೋದನ್ನ ಮನಸ್ಸಿಗಿ ಹತ್ತಿಸ್ಲಕ ಇಷ್ಟು ಸಾಕು.

ಕಾಕಾ: ನೀ ಹೇಳಿದ ಮ್ಯಾಲ ಒಂದು ನೆನಪಾಗ್ತದ. ಈಗೀಗ ನಾ ಹೊತ್ತು ಮುಣುಗಿದ ಮ್ಯಾಲ ಕಲಬುರಗಿಯಿಂದ ಗಾಡಿ ಮ್ಯಾಲ ಬರೋದು ಬಿಟ್ಟೀನಿ. ಎದುರಿಂದ ಬರೋ ಲಾರಿ ಲೈಟು ಒಡದು ಕಣ್ಣತುಂಬ ಹರವಿಕೊಂಡಂಗ ಆಗ್ತದ. ಮನ್ಯಾಗ ಏನಂದೆ ಅಂದ್ರ, ರಸ್ತಾದ ಮ್ಯಾಲ ಗಾಡಿ ಭಾಳ ಆಗ್ಯಾವ, ಸಂಜೀ ಮುಂದ ಬರಬಾರ್ದು ಅಂತ.

ಮಗಳು: ಅದೇ ನಂಗ ಬೇಕಾಗಿದ್ದ ಮಾತು. ಕಣ್ಣು ಕಾಣ್ತದೇನು ಅಂತ ಕೇಳಿದ್ರ ಎಲ್ಲಾರೂ ಕಾಣ್ತದ ಅಂತಾರ. ಯಾವ ಕೆಲಸ ಬಿಟ್ಟೀರಿ ಅಂತ ಕೇಳಬೇಕು. ಮಬ್ಬು ಬಂದ ಕಣ್ಣು ಮೊದಲು ಒಂದು ಕೆಲಸ ಬಿಡಿಸ್ತದ. ಮನುಷ್ಯ ಅದಕ್ಕ ಬ್ಯಾರೆ ಕಾರಣ ಹುಡುಕ್ತಾನ, ಬ್ಯಾಸರ ಆಯ್ತು, ವಯಸ್ಸಾಯ್ತು, ರಸ್ತಾ ಕೆಟ್ಟದ ಅಂತ. ಗಾಡಿ ಲೈಸೆನ್ಸಿನ ಫಾರ್ಮಿನಾಗ ಒಂದು ಪ್ರಶ್ನಿ ಇರ್ತದ, ಹಗಲ ಬೆಳಕಿನಾಗ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟು ಒಂದೊಂದು ಕಣ್ಣಿಗೂ ಕಾಣ್ತದೇನು ಅಂತ. ಎಲ್ಲಾರೂ ಹೌದು ಅಂತ ಬರ್ದು ಸಹಿ ಮಾಡ್ತಾರ. ಸಹಿ ಮಾಡಿ ಇಪ್ಪತ್ತು ವರ್ಷ ಆದ ಮ್ಯಾಲ ನೋಡೋರು ಯಾರು? 25 ಮೀಟರ್ ಅಂದ್ರ ದೊಡ್ಡ ಹೆಜ್ಜಿ ಹಾಕಿದ್ರ ಮೂವತ್ತು ಹೆಜ್ಜಿ ಮ್ಯಾಲ. ಇವತ್ತೇ ಮಾಡಿ ನೋಡ್ರಿ.

ಕಾಕಾ: ನಿಮ್ಮ ಆಯಿಗಿ ಮಾತ್ರ ನೀ ಏನೂ ಹೇಳೋಹಂಗಿಲ್ಲ. ಎಂಬತ್ತರ ಮುದುಕಿ, ಅಕಿ ಕಣ್ಣು ತಿರುಗಿ ಬಂದಾವ! ಹತ್ತು ವರ್ಷ ಚಸ್ಮಾ ಹಾಕ್ಕೊಂಡು ಸೂಜಿ ಪೋಣಸ್ತಿದ್ಳು. ಈ ವರ್ಷ ಯುಗಾದಿ ಆದ ಮ್ಯಾಲ ಚಸ್ಮಾ ತೆಗದು ಇಟ್ಟಾಳ. ಬರೇ ಕಣ್ಣಲೇ ದಾರ ಪೋಣಸ್ತಾಳ. ಶರಣಬಸಪ್ಪನ ಕೃಪಾ ಅಂತ ಓಣಿ ಮಂದಿಗೆಲ್ಲಾ ಹೇಳ್ಯಾಳ.

ಮಗಳು: ಕಾಕಾ, ಇದನ್ನ ಕೇಳಿ ನಂಗ ಖುಷಿ ಆಗಂಗಿಲ್ಲ, ಚಿಂತಿ ಆಗ್ತದ. ಎದುರು ಮನಿ ಬಾಗಲದಾಗ ನಿಂತವರು ಆಯಿಗಿ ಗುರ್ತು ಸಿಗ್ತಾರೇನು?

ಕಾಕಾ: ಇಲ್ಲ. ಮೊನ್ನಿ ನನ್ನ ಅಳಿಯ ಅಂಗಳಕ್ಕ ಬಂದು ನಿಂತ್ರೂ ಯಾರಪಾ ಅಂದ್ಳು.

ಮಗಳು: ಅಂದ್ರ ಹತ್ರದ್ದು ಬಂದದ, ದೂರದ್ದು ಹೋಗ್ಯಾದ. ಇದು ಮೋತಿಬಿಂದು, ಅಂದ್ರ ಕಣ್ಣಿನ ಪೊರಿ, ಬರೋವಾಗ ಆಗೋ ಲಕ್ಷಣ ಇರಬಹುದು. ಮಸೂರದ ನಡುವಿನ ಗಟ್ಟಿ ಭಾಗ ಇನ್ನೂ ಗಟ್ಟಿ ಆಗಿ ಬೆಳಕನ್ನ ಹೆಚ್ಚು ಬಗ್ಗಿಸ್ತದ. ಮೊದಲು ಚಸ್ಮಾ ಮಾಡ್ತಿದ್ದ ಕೆಲಸ ಈಗ ಆ ಪೊರಿನೇ ಮಾಡ್ಲಕತ್ತದ. ಹಂಗಾಗಿ ಕೆಲವು ತಿಂಗಳು ಸೂಜಿ ದಾರ ಕಾಣ್ತಾವ, ಮನುಷ್ಯಗ ಕಣ್ಣು ತಿರುಗಿ ಬಂತು ಅನ್ನಸ್ತದ. ಪೊರಿ ಇನ್ನೂ ಬಲೀತು ಅಂದ್ರ ಹತ್ರದ್ದೂ ಹೋಗ್ತದ. ವಯಸ್ಸಾದವರು ಚಸ್ಮಾ ಬ್ಯಾಡ ಅಂತ ಒಮ್ಮೆಲೆ ತೆಗದಿಟ್ರು ಅಂದ್ರ ಮನಿ ಮಂದಿ ಹಬ್ಬ ಮಾಡಬಾರ್ದು, ಮರುದಿನ ಕರ್ಕೊಂಡು ಬರಬೇಕು. ಬಣ್ಣದ ಮಾತು ಏನಾರ ಅಂದಾಳೇನು ಆಯಿ?

ಕಾಕಾ: ಬಣ್ಣ ಅಂದ್ರ... ಹೋದ ತಿಂಗಳು ಬಾಳಿ ಗೊನಿ ಕಡದು ತಂದಿದ್ದೆ. ನಮ್ಮ ಕೆಂಪು ಬಾಳಿ ಹಣ್ಣಾಗೋವಾಗ ಕೆಂಪಿನಾಗೇ ಒಂದು ಕಳಿ ಬರ್ತದ, ಅದನ್ನ ನೋಡಿ ಅಕಿ ಹೇಳ್ತಿದ್ಳು, ಇದು ನಾಳಿಗಿ ಸಂತಿಗಿ, ಇದು ನಾಡದ್ದಿಗಿ ಅಂತ. ಅಕಿ ಮಾತಿನ ಮ್ಯಾಲ ವ್ಯಾಪಾರ ಮಾಡೀವಿ ನಾವು. ಈ ಸಲ ಎಲ್ಲಾ ಒಂದೇ ಥರ ಕಾಣ್ತಾವ, ನೀವೇ ನೋಡ್ಕೋರಿ ಅಂದ್ಳು. ಮುದುಕಿಗಿ ತೋಟದ ಮ್ಯಾಲಿನ ಆಸಿ ಹೋಯ್ತು ಅಂತ ನಾವು ಅನ್ಕೊಂಡಿವಿ.

ಮಗಳು: ಆಸಿ ಹೋಗಿಲ್ಲ, ಬಣ್ಣ ಹೋಗ್ಯಾವ. ಬಲಿತ ಪೊರಿ ಹಳದಿ, ಕಂದು ಆಗ್ತದ. ಅದರ ಮೂಲಕ ನೋಡಿದವರಿಗಿ ಬಿಳಿ ಧೋತರ ಮಾಸಿದಂಗ, ನೀಲಿ ಬಣ್ಣ ಕಪ್ಪಾದಂಗ ಕಾಣ್ತದ. ಆಪರೇಶನ್ ಆಗಿ ಪಟ್ಟಿ ಬಿಚ್ಚಿದ ದಿನ ಭಾಳ ಮಂದಿ ಮೊದಲು ಹೇಳೋದು ಬಣ್ಣದ ಮಾತು, ಬಿಳಿ ಇಷ್ಟು ಬಿಳಿ ಇತ್ತೇನು ಅಂತ. ಕಮಲಾಪುರದ ಕೆಂಪು ಬಾಳಿ ಅಂದ್ರ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕ ಹಣ್ಣು. ಅದರ ಕಳಿ ತಿಳಿಯೋ ಕಣ್ಣು ಒಂದು ಮನ್ಯಾಗ ಇತ್ತಂದ್ರ ಅದನ್ನ ಹಂಗೇ ಮಬ್ಬಾಗ್ಲಕ ಬಿಡಬಾರ್ದು.

ಕಾಕಾ: ಆಶಾ ಕಾರ್ಯಕರ್ತೆ ಮನಿಗಿ ಬಂದಿದ್ಳವ್ವಾ, ಕಣ್ಣು ನೋಡ್ಲಕ. ಆಯಿ ಅಕಿನ್ನ ಬಾಗಲದಿಂದೇ ಕಳಿಸಿದ್ಳು. ನಾ ಓದಾಕಿ ಅಲ್ಲ, ಬರಿಯಾಕಿ ಅಲ್ಲ, ನಂಗ್ಯಾಕ ಚಸ್ಮಾ ಅಂತ.

ಮಗಳು: ಅದು ಆಶಾಕಿರಣ ಅಂತ ರಾಜ್ಯ ಸರ್ಕಾರದ ಯೋಜನಾ. ಮೊದಲ ಹಂತದ ಜಿಲ್ಲಾಗಳೊಳಗ ನಮ್ಮ ಕಲಬುರಗಿನೂ ಇತ್ತು. ಮನಿ ಮನಿಗಿ ಬಂದು ನೋಡೋದು, ತೊಂದರಿ ಕಂಡವರನ್ನ ಮುಂದಿನ ತಪಾಸಣಿಗಿ ಕಳಿಸೋದು, ಬೇಕಾದವರಿಗಿ ಬಿಟ್ಟಿ ಚಸ್ಮಾ ಕೊಡೋದು. ಆಯಿ ಹೇಳಿದ ಮಾತು ನಾ ಪ್ರತಿ ಶಿಬಿರದಾಗ ಕೇಳ್ತೀನಿ ಕಾಕಾ, ಮತ್ತ ಪ್ರತಿ ಸಲ ನನ್ನ ಹೊಟ್ಟಿ ಉರೀತದ. ಚಸ್ಮಾ ಓದಿದವರದ್ದು ಅಂತ ನಮ್ಮ ಹೆಣ್ಣುಮಕ್ಕಳ ತಲ್ಯಾಗ ಯಾರು ತುಂಬಿದ್ರು? ಜ್ವಾಳ ಹಸನ ಮಾಡಾಕಿ ಯಾರು, ತೊಗರಿ ಬ್ಯಾಳ್ಯಾಗಿನ ಹಳ್ಳು ಆರಿಸಾಕಿ ಯಾರು, ಮೊಮ್ಮಗನ ತಲ್ಯಾಗಿನ ಹೇನು ನೋಡಾಕಿ ಯಾರು, ಬಿಪಿ ಗುಳಗಿ ಯಾವುದು ಸಕ್ಕರಿ ಗುಳಗಿ ಯಾವುದು ಅಂತ ನೋಡಿ ನುಂಗಾಕಿ ಯಾರು? ಆಯಿ ಹೊಲಿದ ಕೌದಿ ನೋಡ್ರಿ. ಹಳೇ ಕೌದಿಯೊಳಗ ಟಾಕಿ ಎಷ್ಟು ಸಣ್ಣ, ಎಷ್ಟು ಒತ್ತೊತ್ತು ಅವ! ಆಮ್ಯಾಲ ಬಂದ ಕೌದಿಯೊಳಗ ಟಾಕಿ ದೊಡ್ಡ ದೊಡ್ಡ ಆಗ್ಯಾವ, ಸಾಲು ಸೊಟ್ಟ ಬಂದಾವ. ಅಕ್ಷರ ಗೊತ್ತಿಲ್ಲದ ಹೆಣ್ಣುಮಗಳ ಕಣ್ಣಿನ ಲೆಕ್ಕ ಅಕಿ ಕೌದಿಯೊಳಗ ಬರ್ದಿರ್ತದ.

ಕಾಕಾ: ಅಲ್ಲಾ, ಕೆಲಸಕ್ಕ ಚಸ್ಮಾದಿಂದ ಅಷ್ಟು ಫರಕ್ ಬೀಳ್ತದೇನು?

ಮಗಳು: ತೂಕ ಮಾಡಿ ನೋಡ್ಯಾರ. ಅಸ್ಸಾಮಿನ ಚಹಾ ತೋಟದಾಗ ನಲವತ್ತು ದಾಟಿದ ಕೂಲಿಯವರನ್ನ, ಹೆಚ್ಚು ಹೆಣ್ಣುಮಕ್ಕಳನ್ನೇ, ಎರಡು ಪಾಲು ಮಾಡಿದ್ರು. ಒಂದು ಪಾಲಿಗಿ ಹತ್ರದ್ದು ಕಾಣೋ ಸಾದಾ ಚಸ್ಮಾ ಮೊದಲೇ ಕೊಟ್ರು, ಇನ್ನೊಂದು ಪಾಲಿಗಿ ಅಧ್ಯಯನ ಮುಗಿದ ಮ್ಯಾಲ ಕೊಟ್ರು. ದಿನಾ ಎಷ್ಟು ಎಲಿ ಹರಿದ್ರು ಅಂತ ತೂಗಿದ್ರು. ಚಸ್ಮಾ ಹಾಕ್ಕೊಂಡವರ ಕೆಲಸ ಇನ್ನೊಂದು ಪಾಲಿನವರಕಿಂತ ಶೇಕಡಾ 20ಕ್ಕಿಂತ ಹೆಚ್ಚು ಏರ್ತು. 2018ರಾಗ ಅದು ಲ್ಯಾನ್ಸೆಟ್ ಬಳಗದ ಪತ್ರಿಕಾದಾಗ ಬಂತು. ಎಲಿ ಹರಿಯೋ ಕೆಲಸದಾಗ ಒಂದಕ್ಷರ ಓದೋದಿಲ್ಲ ನೋಡ್ರಿ. ನಮ್ಮ ದಾಲ್ ಮಿಲ್ಲಿನಾಗ ಬ್ಯಾಳಿ ಆರಿಸೋ ಹೆಣ್ಣುಮಕ್ಕಳಿಗಿ ಇದೇ ಲೆಕ್ಕ ಹತ್ತಂಗಿಲ್ಲೇನು? ಯಾರಾದರೂ ಅಲ್ಲಿ ಹೋಗಿ ತೂಗಿ ನೋಡಬೇಕು ಅಂತ ನನ್ನ ಭಾಳ ದಿನದ ಆಸಿ ಅದ.

ಕಾಕಾ: ಆಯಿ ಕಾಲದವರಿಗಿ ಕಣ್ಣಿನ ಡಾಕ್ಟರ್ ಅಂದ್ರ ಮೋದಿ ಡಾಕ್ಟರ್. ಬೀಳಗಿಯವರು, ಊರೂರಿಗಿ ಕ್ಯಾಂಪ್ ಹಾಕ್ತಿದ್ರು. ಆಪರೇಶನ್ ಆದ ಮುದುಕರು ಕಣ್ಣಿಗಿ ಪಟ್ಟಿ ಕಟ್ಕೊಂಡು ಸಾಲಾಗಿ ಮಲಗಿರ್ತಿದ್ರಂತ.

ಮಗಳು: ಡಾ. ಎಂ. ಸಿ. ಮೋದಿ. 1916ರಾಗ ಹುಟ್ಟಿ 2005ರಾಗ ತೀರಿಕೊಂಡ್ರು. ದವಾಖಾನಿಗಿ ಬರಲಾರದ ಮಂದಿ ಹತ್ರ ದವಾಖಾನಿ ತಗೊಂಡು ಹೋದ ಪುಣ್ಯಾತ್ಮ. ಅವರು ಎಷ್ಟು ಮನಿಗಿ ಬೆಳಕು ಕೊಟ್ಟಾರ ಅಂತ ಲೆಕ್ಕ ಮಾಡ್ಲಕ ಆಗಂಗಿಲ್ಲ. ಆವಾಗ ಪೊರಿ ತೆಗದ ಮ್ಯಾಲ ಕಣ್ಣೊಳಗ ಲೆನ್ಸ್ ಕೂಡ್ಸೋ ಪದ್ಧತಿ ಹಳ್ಳಿಗಿ ಬಂದಿರ್ಲಿಲ್ಲ. ತೆಗದ ಮಸೂರದ ಬದಲಿ ಸೀಸದ ತಳದಂಥ ದಪ್ಪ ಚಸ್ಮಾ ಹಾಕಬೇಕಾಗ್ತಿತ್ತು. ಆ ಚಸ್ಮಾ ನೋಡಿ ಬೆಳದವರಿಗಿ ಚಸ್ಮಾ ಅಂದ್ರ ಮುಪ್ಪು, ಕಣ್ಣಿನ ದವಾಖಾನಿ ಅಂದ್ರ ಕತ್ರಿ ಅಂತ ಕೂತುಬಿಟ್ಟದ. ಈಗಿನ ಆಪರೇಶನ್ ಹಂಗಿಲ್ಲ. ಕಣ್ಣೊಳಗೇ ಲೆನ್ಸ್ ಕೂಡಸ್ತಾರ, ಭಾಳ ಮಂದಿ ಅದೇ ದಿನ ಮನಿಗಿ ಬರ್ತಾರ. ಇದನ್ನ ಆಯಿಗಿ ನಾ ಹೇಳಿದ್ರ ಕೇಳಂಗಿಲ್ಲ. ಓಣ್ಯಾಗ ಆಪರೇಶನ್ ಮಾಡಿಸಿಕೊಂಡ ಮುದುಕಿ ಯಾರಾರ ಇದ್ರ ಅಕಿನ್ನ ಒಂದು ಸಂಜೀ ಚಹಾಕ್ಕ ಕರೀರಿ.

ಕಾಕಾ: ಅದು ಖರೇ, ಆಯಿಗಿ ತನ್ನ ವಯಸ್ಸಿನವರ ಮಾತೇ ನಾಟ್ತದ. ಇರ್ಲಿ, ಮೊಮ್ಮಗನ ಮಾತು ಹೇಳ್ತೀನಿ. ನಾಲ್ಕನೇ ತರಗತಿ. ಬೋರ್ಡ್ ನೋಡಿ ಬರಿಯಂಗಿಲ್ಲ, ಪಕ್ಕದವನ ವಹಿ ನೋಡಿ ಬರೀತಾನ, ಲಕ್ಷ್ಯ ಇಲ್ಲ ಅಂತ ಶಾಲಿಯಿಂದ ಹೇಳಿ ಕಳಸ್ತಾರ. ಟಿವಿ ಮುಂದ ಹೋಗಿ ಮೂಗು ಹಚ್ಚಿ ಕುಂದ್ರತಾನ. ನಮ್ಮ ಸೊಸಿ ಹಿಂದಕ್ಕ ಎಳದು ಎಳದು ಸಾಕಾಗ್ಯಾಳ.

ಮಗಳು: ಎಳಿಯೋದು ಬಿಟ್ಟು ನನ್ನ ಹತ್ರ ಕಳಿಸ್ರಿ. ಹುಡುಗ ಟಿವಿ ಹತ್ರ ಹೋಗಿ ಕಣ್ಣು ಕೆಡಿಸಿಕೊಳ್ಳಲಕತ್ತಾನ ಅಂತ ನೀವು ತಿಳದೀರಿ. ಅವನ ಕಣ್ಣಿಗಿ ದೂರದ್ದು ಕಾಣದ್ದಕ್ಕೇ ಅವ ಹತ್ರ ಹೋಗ್ಯಾನ. ಹುಟ್ಟಿದಾಗಿಂದ ಅಥವಾ ಸಣ್ಣಂದಿನಿಂದ ಹಂಗೇ ಕಂಡವನಿಗಿ ಗಿಡದ ಎಲಿ ಬಿಡಿಬಿಡಿ ಆಗಿ ಕಾಣ್ತಾವ ಅನ್ನೋದೇ ಗೊತ್ತಿರಂಗಿಲ್ಲ, ಅವ ಏನಂತ ಹೇಳಬೇಕು? ಕಣ್ಣು ಕಿರಿದು ಮಾಡಿ ನೋಡೋದು, ತಲಿ ಒಂದು ಕಡಿ ವಾಲಿಸೋದು, ಒಂದು ಕಣ್ಣು ಮುಚ್ಚಿ ಓದೋದು, ಪದೇ ಪದೇ ಕಣ್ಣು ತಿಕ್ಕೋದು, ಸಂಜೀಕ ತಲಿ ನೋವು ಅನ್ನೋದು, ಚಂಡು ಹಿಡಿಯೋದ್ರಾಗ ಯಾವಾಗ್ಲೂ ತಪ್ಪೋದು. ಮಕ್ಕಳು ಹೀಂಗ ಹೇಳ್ತಾರ, ಬಾಯಿಲೆ ಹೇಳಂಗಿಲ್ಲ. ಇದರಾಗ ಒಂದು ವಿಷಯ ತಡ ಮಾಡೋ ಹಂಗಿಲ್ಲ. ಒಂದು ಕಣ್ಣಿಗಷ್ಟೇ ದೊಡ್ಡ ನಂಬರ್ ಇದ್ರ ಹುಡುಗನ ಮೆದುಳು ಆ ಕಣ್ಣಿನ ಮಬ್ಬು ಚಿತ್ರವನ್ನ ಬ್ಯಾಡ ಅಂತ ಬಿಟ್ಟುಬಿಡ್ತದ. ಕಣ್ಣು ಬೆಳೀತದ, ನೋಟ ಬೆಳಿಯಂಗಿಲ್ಲ. ಏಳೆಂಟು ವರ್ಷದೊಳಗ ಗೊತ್ತಾದ್ರ ಚಸ್ಮಾ ಕೊಟ್ಟು, ಛಲೋ ಕಣ್ಣಿಗಿ ದಿನಾ ಕೆಲ ತಾಸು ಪಟ್ಟಿ ಹಚ್ಚಿ ಸೋತ ಕಣ್ಣಿಗಿ ಕೆಲಸ ಕಲಸ್ತಾರ. ವಯಸ್ಸು ಏರಿದಂಗೆಲ್ಲಾ ಕಷ್ಟ. ಆಮ್ಯಾಲ ಎಂಥ ಚಸ್ಮಾ ಹಾಕಿದ್ರೂ ಪೂರಾ ಬರಂಗಿಲ್ಲ.

ಕಾಕಾ: ಇಷ್ಟು ಸಣ್ಣವಂಗ ಚಸ್ಮಾ ಹಾಕಿದ್ರ ನಂಬರ್ ಏರ್ತಾ ಹೋಗ್ತದ ಅಂತಾರಲ್ಲ? ಮ್ಯಾಲ ಅವನ ಅಕ್ಕ ಬ್ಯಾರೆ ಅದಾಳ, ಪಿಯುಸಿಗಿ ಕಲಬುರಗಿಗಿ ಹೋಗಾಕಿ. ತಲಿ ನೋವು ಅಂತಾಳ. ಅಕಿಗೂ ಚಸ್ಮಾ ಬಂತಂದ್ರ ನಾಳಿ ಲಗ್ನದ ಮಾತಿನಾಗ ಅಡ್ಡ ಬರ್ತದ ಅಂತ ನಿಮ್ಮ ಕಾಕು ಹೆದರ್ತಾಳ.

ಮಗಳು: ನಂಬರ್ ಏರೋದು ಹುಡುಗ ಬೆಳಿಯೋವಾಗ ಕಣ್ಣಿನ ಗುಡ್ಡಿನೂ ಉದ್ದ ಬೆಳಿಯೋದ್ರಿಂದ, ಚಸ್ಮಾದಿಂದಲ್ಲ. ಕಮ್ಮಿ ನಂಬರ್ ಕೊಟ್ರ ಏರೋದು ನಿಲ್ತದೇನೋ ಅಂತ ಮಲೇಶಿಯಾದಾಗ ಮಕ್ಕಳಿಗಿ ಹಂಗೇ ಕೊಟ್ಟು ನೋಡಿದ್ರು, 2002ರಾಗ ಪ್ರಕಟ ಆಯ್ತು. ಪೂರ್ತಿ ನಂಬರ್ ಹಾಕ್ಕೊಂಡವರಕಿಂತ ಕಮ್ಮಿ ನಂಬರಿನವರಿಗೇ ಹೆಚ್ಚು ಏರ್ತು. ಮಕ್ಕಳು ದಿನಾ ಎರಡು ತಾಸು ಹೊರಗ ಬೆಳಕಿನಾಗ ಆಡಿದ್ರ ದೂರದ್ದು ಕಾಣದಂಗ ಆಗೋ ತೊಂದರಿ ಹುಟ್ಟೋದು ಕಮ್ಮಿ ಆಗ್ತದ, ಅದಕ್ಕ ಆಧಾರ ಅದ. ನಿಮ್ಮ ತೋಟ ಇಷ್ಟು ಹತ್ರ ಇಟ್ಕೊಂಡು ಹುಡುಗನ್ನ ಮೊಬೈಲ್ ಕೊಟ್ಟು ಒಳಗ ಕೂಡಸ್ತೀರಿ. ನಮ್ಮ ಕಡಿ ಬಿಸಲು ಹೆಚ್ಚು ಅಂದ್ರ ಮುಂಜಾನಿ ಸಂಜೀ ಬಿಡ್ರಿ. ಇನ್ನ ಹುಡುಗಿ ಮಾತು. ಅಕಿ ಡಾಕ್ಟರ್ ಆಗಬೇಕು ಅಂತ ಸಾಲ ಮಾಡಿ ಕೋಚಿಂಗಿಗಿ ಕಳಸ್ತೀರಿ, ಬೋರ್ಡ್ ಕಾಣಸ್ಲಕ ಚಸ್ಮಾ ಕೊಡಂಗಿಲ್ಲ ಅಂತೀರಿ. ಇದನ್ನ ಕಾಕುಗಿ ನಾನೇ ಕುಂತು ಹೇಳ್ತೀನಿ.

ಕಾಕಾ: ಹೇಳವ್ವಾ, ನಿನ್ನ ಮಾತು ಕೇಳ್ತಾಳ. ನಂಗಂತೂ ಸೂಪರ್ ಮಾರ್ಕೆಟ್ಟಿನ ರಸ್ತಾದ ಮ್ಯಾಲ ಚಸ್ಮಾ ಹರವಿ ಕುಂತಿರ್ತಾರಲ್ಲ, ಅಲ್ಲಿ ಒಂದು ಹಾಕಿ ನೋಡಿ ತಗೊಂಡ್ರ ಸಾಕಲ್ಲ?

ಮಗಳು: ಎರಡೂ ಕಣ್ಣಿನ ನಂಬರ್ ಒಂದೇ ಇದ್ದು, ಬರೇ ಹತ್ರದ್ದು ನೋಡ್ಲಕ ಆದ್ರ ಅದರಿಂದ ಕಣ್ಣು ಕೆಡಂಗಿಲ್ಲ, ಕೆಲಸನೂ ನಡೀತದ. ನಿಮ್ಮ ಎರಡು ಕಣ್ಣು ಈಗ ಒಂದೇ ಇಲ್ಲ ಅಂತ ನೀವೇ ನೋಡಿದ್ರಿ. ಮ್ಯಾಲ ನಿಮಗ ಸಕ್ಕರಿ ಅದ. ರಕ್ತದಾಗ ಸಕ್ಕರಿ ಏರಿದಾಗ ಮಸೂರ ನೀರು ಹಿಡದು ಉಬ್ಬಿ ನಂಬರ್ ಬದಲಾಗ್ತದ, ಇಳಿದ ಮ್ಯಾಲ ಮತ್ತ ಬದಲಾಗ್ತದ. ಒಂದು ವಾರ ಸಾಫ್, ಒಂದು ವಾರ ಮಬ್ಬು ಅನ್ನೋರು ಮೊದಲು ಸಕ್ಕರಿ ನೋಡಿಸ್ಬೇಕು. ಸಕ್ಕರಿ ಹತೋಟಿಗಿ ಬಂದು ಕೆಲ ವಾರ ಆದ ಮ್ಯಾಲೇ ಚಸ್ಮಾ ಮಾಡಿಸ್ಬೇಕು, ಇಲ್ಲಂದ್ರ ರೊಕ್ಕ ದಂಡ. ಅದಕ್ಕಿಂತ ದೊಡ್ಡದು ಕಣ್ಣಿನ ಹಿಂದಿನ ಪರದಾ. ಸಕ್ಕರಿಯಿಂದ ಅಲ್ಲಿನ ಸಣ್ಣ ರಕ್ತನಾಳ ಸೋರ್ಲಕ ಹತ್ತಿದಾಗ ಮೊದಮೊದಲು ನೋಟಕ್ಕ ಏನೂ ಆಗಂಗಿಲ್ಲ. ಮಬ್ಬು ಬಂತು ಅನ್ನೋದ್ರಾಗ ಕೆಲಸ ಕೆಟ್ಟಿರ್ತದ. ಸಕ್ಕರಿ ಇದ್ದವರು ಕಣ್ಣು ಸಾಫ್ ಇದ್ರೂ ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿ ಪರದಾ ನೋಡಿಸ್ಬೇಕು. ನೀವು ಎಷ್ಟು ಸಲ ನೋಡಿಸೀರಿ?

ಕಾಕಾ: ಒಮ್ಮೆನೂ ಇಲ್ಲ.

ಮಗಳು: ಇನ್ನೊಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮುತ್ಯಾಗ ಕಡೀ ಕಡೀಗಿ ಕಣ್ಣು ಹೋಗಿದ್ವಲ್ಲ, ಅದು ಹ್ಯಾಂಗ ಶುರು ಆಯ್ತು ನೆನಪದೇನು?

ಕಾಕಾ: ಅದೊಂದು ವಿಚಿತ್ರ. ಎದುರಿನದ್ದು ನೋಡ್ತಿದ್ದ, ಪೋಥಿ ಓದ್ತಿದ್ದ. ಆದ್ರ ನಡಿಯೋವಾಗ ಬಾಗಲ ಚೌಕಟ್ಟಿಗಿ ಭುಜ ಹಾಯ್ತಿದ್ದ, ಬದಿಗಿ ಇಟ್ಟ ಕೊಡ ಒದೀತಿದ್ದ. ನಾವು ವಯಸ್ಸಿನ ಧಾವಂತ ಅಂತಿದ್ವಿ. ಆಮ್ಯಾಲ ಎಲ್ಲಾ ಕತ್ತಲಿ ಆಯ್ತು.

ಮಗಳು: ಈಗ ಅದನ್ನ ಖಚಿತ ಹೇಳ್ಲಕ ಬರಂಗಿಲ್ಲ. ಆದ್ರ ನಡು ಕಂಡು ಬದಿ ಕಾಣದ್ದು ಅಂದ್ರ ಗ್ಲಾಕೋಮಾ ಇದ್ದಿರಬಹುದು, ಕಣ್ಣಿನ ನರ ಸಾಯೋ ರೋಗ. ಭಾಳ ಸಲ ಕಣ್ಣಿನೊಳಗಿನ ಒತ್ತಡ ಹೆಚ್ಚಿರ್ತದ. ಹೋದ ನೋಟ ತಿರುಗಿ ಬರಂಗಿಲ್ಲ, ಡ್ರಾಪ್ಸ್ ಹಾಕಿ ಇದ್ದದ್ದನ್ನ ಉಳಸ್ಕೋಬಹುದು. ಇದು ಮನೆತನದಾಗ ಬರ್ತದ. ಅಪ್ಪಗ ಇತ್ತಂದ್ರ ಮಕ್ಕಳಿಗಿ ಬರೋ ಸಂಭವ ಹೆಚ್ಚು. ನೀವು, ನಮ್ಮ ಅಪ್ಪಾ, ಅತ್ತಿ, ಮೂವರೂ ನೋಡಿಸ್ಕೋಬೇಕು. ಚಸ್ಮಾ ಅಂಗಡಿಯಾಗ ನಂಬರ್ ಅಷ್ಟೇ ತೆಗೀತಾರ, ಇದು ಅಲ್ಲಿ ಗೊತ್ತಾಗಂಗಿಲ್ಲ. ರಸ್ತಾದ ಮ್ಯಾಲಿನ ಚಸ್ಮಾದ ಬಗ್ಗಿ ನನ್ನ ತಕರಾರು ಇಷ್ಟೇ. ಅದರಿಂದ ಪೇಪರ್ ಕಾಣ್ತದ, ಮನುಷ್ಯ ಹತ್ತು ವರ್ಷ ದವಾಖಾನಿ ಕಡಿ ತಲಿ ಹಾಕಂಗಿಲ್ಲ.

ಕಾಕಾ: ತಡ ಮಾಡದಂಗ ಓಡಿ ಬರಬೇಕು ಅನ್ನೋದು ಯಾವಾಗ?

ಮಗಳು: ಒಮ್ಮೆಲೆ ಒಂದು ಕಣ್ಣು ಕಾಣದಂಗ ಆದ್ರ, ಮಿಂಚು ಹೊಡದಂಗ ಆಗಿ ಕರೀ ನುಸಿ ಮುಸರಿದಂಗ ಕಂಡ್ರ, ಬದಿಯಿಂದ ಪರದಾ ಬಿದ್ದಂಗ ಕತ್ತಲಿ ಬಂದ್ರ, ಕಣ್ಣು ಕೆಂಪಾಗಿ ತಡಿಲಾರದ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳಿ ಕಂಡ್ರ. ಆವಾಗ ನಾಳಿ ನಾಡದ್ದು ಅನ್ನಬಾರ್ದು, ಅದೇ ದಿನ ಬರಬೇಕು. ಉಳದದ್ದಕ್ಕ ಹೆದರೋದು ಬ್ಯಾಡ, ಬಿಡೋದೂ ಬ್ಯಾಡ.

ಕಾಕಾ: ಹಂಗಾದ್ರ ಎಲ್ಲಿಗಿ ಬರ್ಲಿ? ಇಲ್ಲೇ ಕಮಲಾಪುರದಾಗ ಆಗಂಗಿಲ್ಲೇನು?

ಮಗಳು: ಇಲ್ಲಿನ ಸರ್ಕಾರಿ ದವಾಖಾನ್ಯಾಗ ಮೊದಲು ಕೇಳ್ರಿ, ಕಣ್ಣು ನೋಡೋ ದಿನ ಯಾವುದು ಅಂತ. ಹುಡುಗನ ನೋಟ ಅಲ್ಲೇ ನೋಡ್ಸಬಹುದು. ನಿಮಗ, ಆಯಿಗಿ ಪರದಾ, ಒತ್ತಡ ಎಲ್ಲಾ ನೋಡಬೇಕು, ಅದಕ್ಕ ಕಲಬುರಗಿಗೇ ಬರ್ರಿ. ಜಿಮ್ಸ್ ದವಾಖಾನಿ ಅದ, ಬಸವೇಶ್ವರ ದವಾಖಾನಿ ಅದ, ಎರಡರಾಗೂ ಕಣ್ಣಿನ ವಿಭಾಗ ಅವ. ಆಯಿಗಿ ಹೇಳ್ರಿ, ಅಕ್ಷರ ಬರದಿದ್ರೂ ನಡೀತದ. ಮೂರು ಕಾಲಿನ ಒಂದು ಗುರ್ತು ಇರ್ತದ, ಅದರ ಬಾಯಿ ಯಾವ ಕಡಿ ತೆರದದ ಅಂತ ಕೈಲೆ ತೋರಿಸಿದ್ರ ಸಾಕು. ಆರು ಮೀಟರ್ ದೂರ ಕೂಡಸ್ತಾರ. ಚೀಟ್ಯಾಗ 6/18 ಅಂತ ಬರದ್ರು ಅಂದ್ರ, ಛಲೋ ಕಣ್ಣಿಗಿ 18 ಮೀಟರಿಂದ ಕಾಣೋದು ಇವರಿಗಿ 6 ಮೀಟರಿಗಿ ಬಂದ ಮ್ಯಾಲ ಕಾಣ್ತದ ಅಂತ ಅರ್ಥ.

ಕಾಕಾ: ಸೋಮವಾರ ಗೊನಿ ಕಡಿಯೋದದ. ಮಂಗಳವಾರ ಮುಂಜಾನಿ ಗಾಡಿ ಮ್ಯಾಲ ಆಯಿನ್ನ ಹಿಂದ ಕೂಡಿಸಿಕೊಂಡು ಬರ್ತೀನಿ.

ಮಗಳು: ಗಾಡಿ ಬ್ಯಾಡ. ಡ್ರಾಪ್ಸ್ ಹಾಕಿದ ಮ್ಯಾಲ ಕಣ್ಣಿನ ಪಾಪಿ ದೊಡ್ಡದಾಗಿ ನಾಕೈದು ತಾಸು ಬಿಸಲು ಚುಚ್ತದ, ಹತ್ರದ್ದು ಕಾಣಂಗಿಲ್ಲ. ಅದರಾಗ ಕಮಲಾಪುರಕ್ಕ ಗಾಡಿ ಹೊಡಕೊಂಡು ಹೋಗ್ಲಕ ಆಗಂಗಿಲ್ಲ. ಬಸ್ಸಿಗಿ ಬರ್ರಿ, ಜೋಡಿ ಮಗನ್ನ ಕರ್ಕೊಂಡು ಬರ್ರಿ. ಸಕ್ಕರಿ ನೋಡಿಸಿದ ಚೀಟಿ, ನೀವು ನುಂಗೋ ಗುಳಗಿ, ಆಯಿ ತೆಗದಿಟ್ಟ ಹಳೇ ಚಸ್ಮಾ, ಮೂರೂ ತರ್ರಿ. ಮತ್ತ ಆಯಿಗಿ ದಾರಿ ಮ್ಯಾಲ ಒಂದು ಕೇಳ್ರಿ, ಈ ವರ್ಷ ಏನೇನು ಕೆಲಸ ಮಾಡೋದು ಬಿಟ್ಟಿ ಅಂತ. ಅಕಿ ಹೇಳಿದ್ದನ್ನ ಹಂಗೇ ಡಾಕ್ಟರಿಗಿ ಹೇಳ್ರಿ.

ಕಾಕಾ: ಅತ್ತಿಗಿ ನೀ ಫೋನ್ ಮಾಡ್ತಿಯೋ, ನಾ ಮಾಡ್ಲೋ?

ಮಗಳು: ಮುತ್ಯಾನ ಮಾತು ನೀವೇ ಹೇಳಬೇಕು ಕಾಕಾ. ಇವತ್ತೇ ಮಾಡ್ರಿ.